ಲೆಕ್ಕದಲ್ಲಿ ಒಂಬತ್ತೂವರೆ ವಾರ, ಸ್ಕ್ಯಾನ್‌ನಲ್ಲಿ ಏಳೂವರೆ: ಯಾವುದನ್ನು ಹಿಡಿಯೋದು?

ಕಡಲತಡಿ (ಕಾರವಾರ), 11 ಜನವರಿ 2026

ಎಲ್ಲರಿಗೂ ನಮಸ್ಕಾರ. ಇದು ನನ್ನ ಮೊದಲ ಬಸಿರು. ಕೊನೆಯ ಸಲ ಮುಟ್ಟಾಗಿದ್ದು ನವೆಂಬರ್ 3ಕ್ಕೆ. ತುಳಸಿ ಹಬ್ಬದ ಬೆನ್ನಿಗೇ ಆದ್ದರಿಂದ ತಾರೀಖಿನಲ್ಲಿ ನನಗೆ ಅನುಮಾನ ಇಲ್ಲ. ಮೊಬೈಲ್ ಆಪ್‌ಗೆ ಹಾಕಿದರೆ ಹೆರಿಗೆ ಆಗಸ್ಟ್ 10 ಅಂತ ತೋರಿಸುತ್ತದೆ. ಅದರ ಲೆಕ್ಕದಲ್ಲಿ ಜನವರಿ 9ಕ್ಕೆ 9 ವಾರ 4 ದಿನ.

ಅವತ್ತೇ ಸ್ಕ್ಯಾನ್ ಮಾಡಿಸಿದೆವು. ರಿಪೋರ್ಟಿನಲ್ಲಿ ಸಿಆರ್‌ಎಲ್ 12 ಮಿ.ಮೀ., 7 ವಾರ 3 ದಿನ, ಹೆರಿಗೆ ಆಗಸ್ಟ್ 25 ಅಂತ ಬರೆದಿದ್ದಾರೆ. ಎದೆಬಡಿತ ಇದೆ. ಹೊರಗೆ ಸರತಿ ಉದ್ದ ಇತ್ತು, "ಎಲ್ಲ ಸರಿ ಇದೆ" ಅಂದು ಕಳಿಸಿದರು. ಅತ್ತೆ ಪಂಚಾಂಗ ತೆಗೆದು ನೂಲ ಹುಣ್ಣಿಮೆ ಹೊತ್ತಿಗೆ ಅನ್ನುತ್ತಾರೆ. ಎರಡು ವಾರ ಎಲ್ಲಿ ಹೋಯಿತು? ಮಗು ಬೆಳೆಯುತ್ತಿಲ್ಲವಾ? ಎರಡು ರಾತ್ರಿಯಿಂದ ಸರಿಯಾಗಿ ನಿದ್ದೆ ಇಲ್ಲ. ಗೊತ್ತಿದ್ದವರು ಬಿಡಿಸಿ ಹೇಳಿ.

ನಿವೃತ್ತ ಸಿಸ್ಟರ್ (ಕುಮಟಾ)

ಮೊದಲು ಒಂದು ಮಾತು ಹೇಳಮ್ಮ. ನಿನಗೆ ತಿಂಗಳು ತಿಂಗಳು ಸರಿಯಾಗಿ ಮುಟ್ಟಾಗ್ತದಾ? ಒಂದು ಸಲದಿಂದ ಇನ್ನೊಂದು ಸಲಕ್ಕೆ ಎಷ್ಟು ದಿನ?

ಕಡಲತಡಿ (ಕಾರವಾರ)

ಇಲ್ಲ ಅಕ್ಕ. ಮೊದಲಿಂದಲೂ ತಡವೇ. 40 ದಿನ, ಕೆಲವು ಸಲ 44 ದಿನ. 28ಕ್ಕೆ ಆಗಿದ್ದೇ ನೆನಪಿಲ್ಲ.

ನಿವೃತ್ತ ಸಿಸ್ಟರ್ (ಕುಮಟಾ)

ಹಾಗಾದರೆ ನಿನ್ನ ಎರಡು ವಾರ ಎಲ್ಲೂ ಹೋಗಿಲ್ಲ. ನಿಧಾನಕ್ಕೆ ಓದು.

ಆಸ್ಪತ್ರೆಯಲ್ಲಿ ಬಸಿರಿನ ವಾರ ಎಣಿಸೋದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಗರ್ಭ ನಿಂತ ದಿನದಿಂದ ಅಲ್ಲ. ಗರ್ಭ ನಿಂತ ದಿನ ಯಾರಿಗೂ ಕಣ್ಣಿಗೆ ಕಾಣೋದಿಲ್ಲ, ಮುಟ್ಟಿನ ದಿನ ಕಾಣುತ್ತದೆ, ಅದಕ್ಕೇ ಈ ಪದ್ಧತಿ. ಅಂದರೆ ಮೊದಲ ಎರಡು ವಾರ ಹೊಟ್ಟೆಯಲ್ಲಿ ಮಗುವೇ ಇರುವುದಿಲ್ಲ, ಆದರೂ ಲೆಕ್ಕಕ್ಕೆ ಸೇರುತ್ತದೆ. ಒಟ್ಟು 280 ದಿನ, 40 ವಾರ. ಮುಟ್ಟಿನ ತಾರೀಖಿಗೆ ಒಂಬತ್ತು ತಿಂಗಳು ಮತ್ತು ಏಳು ದಿನ ಕೂಡಿಸಿದರೆ ಹೆರಿಗೆ ದಿನ. ನವೆಂಬರ್ 3ಕ್ಕೆ ಒಂಬತ್ತು ತಿಂಗಳು ಸೇರಿಸಿದರೆ ಆಗಸ್ಟ್ 3, ಏಳು ದಿನ ಸೇರಿಸಿದರೆ ಆಗಸ್ಟ್ 10. ನಿನ್ನ ಆಪ್ ಮಾಡಿದ್ದೂ ಇಷ್ಟೇ. ಜರ್ಮನಿಯ ನೇಗೆಲೆ ಎಂಬ ಡಾಕ್ಟರ ಹೆಸರಿನಲ್ಲಿ ಇರುವ ಸೂತ್ರ ಇದು, ಇನ್ನೂರು ವರ್ಷದಷ್ಟು ಹಳೆಯದು.

ಆದರೆ ಆ ಸೂತ್ರ ಎಲ್ಲರಿಗೂ 28 ದಿನಕ್ಕೊಮ್ಮೆ ಮುಟ್ಟಾಗುತ್ತದೆ, 14ನೇ ದಿನ ಅಂಡ ಬಿಡುಗಡೆಯಾಗುತ್ತದೆ ಅಂತ ಹಿಡಿದಿದೆ. ನಿನಗೆ 42 ದಿನದ ಆಸುಪಾಸು. ಅಂಡ ಬಿಡುಗಡೆಯಾಗೋದು ಸಾಮಾನ್ಯವಾಗಿ ಮುಂದಿನ ಮುಟ್ಟಿಗೆ ಎರಡು ವಾರ ಮೊದಲು. ಹಾಗಾಗಿ ನಿನಗೆ 14ನೇ ದಿನದ ಬದಲು 28ನೇ ದಿನದ ಹತ್ತಿರ ಆಗಿರುತ್ತದೆ. ಹದಿನಾಲ್ಕು ದಿನ ತಡ. ಸ್ಕ್ಯಾನ್‌ಗೂ ಆಪ್‌ಗೂ ಇರುವ ವ್ಯತ್ಯಾಸ ಎಷ್ಟು? ಹದಿನೈದು ದಿನ. ಸರಿ ಹೊಂದಿತಲ್ಲ?

ಮಗು ಹಿಂದೆ ಬಿದ್ದಿಲ್ಲ. ತಡವಾಗಿ ನಿಂತಿದೆ, ಅಷ್ಟೇ. ಆಗಸ್ಟ್ 25 ನಿನ್ನ ದಿನ.

ಫಿಲ್ಮ್ ರೂಮ್ (ಕಾರವಾರ)

ನಾನು ಸ್ಕ್ಯಾನಿಂಗ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ.

ಸಿಆರ್‌ಎಲ್ ಅಂದರೆ ಮಗುವಿನ ತಲೆಯ ತುದಿಯಿಂದ ಕುಂಡೆಯವರೆಗಿನ ಉದ್ದ. ಕಾಲು ಲೆಕ್ಕಕ್ಕಿಲ್ಲ. ಪರದೆಯ ಮೇಲೆ ಮಗು ಉದ್ದಕ್ಕೆ ಕಾಣುವ ಹಾಗೆ ಹಿಡಿದು, ಈ ತುದಿಗೊಂದು ಗುರುತು, ಆ ತುದಿಗೊಂದು ಗುರುತು ಇಡುತ್ತಾರೆ. ಮಷಿನ್ ಅಳತೆಯನ್ನು ವಾರಕ್ಕೆ ತಿರುಗಿಸಿ ಕೊಡುತ್ತದೆ. ಮೊದಲ ಮೂರು ತಿಂಗಳಲ್ಲಿ ಎಲ್ಲ ಮಕ್ಕಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯುತ್ತವೆ. ಅಪ್ಪ ಎತ್ತರ ಇರಲಿ, ಅಮ್ಮ ಸಣ್ಣ ಇರಲಿ, 12 ಮಿ.ಮೀ. ಇದ್ದ ಮಗು ಏಳೂವರೆ ವಾರದ್ದೇ. ಹಾಗಾಗಿ 13 ವಾರ 6 ದಿನದೊಳಗಿನ ಸ್ಕ್ಯಾನ್ ಐದರಿಂದ ಏಳು ದಿನ ಆಚೀಚೆ ಬಿಟ್ಟರೆ ನಂಬಿಕೆಗೆ ಅರ್ಹ. ಆಮೇಲೆ ಒಬ್ಬೊಬ್ಬರ ಮಗು ಒಂದೊಂದು ಗಾತ್ರಕ್ಕೆ ಬೆಳೆಯುತ್ತದೆ. ಅಲ್ಲಿಂದ ಮುಂದೆ ಸ್ಕ್ಯಾನ್ ನೋಡಿ ವಾರ ಹೇಳುವುದು ಕಷ್ಟವಾಗುತ್ತಾ ಹೋಗುತ್ತದೆ.

ಮೊದಲ ಮೂರು ತಿಂಗಳಲ್ಲಿ ಮುಟ್ಟಿನ ಲೆಕ್ಕಕ್ಕೂ ಸ್ಕ್ಯಾನ್‌ಗೂ ಒಂದು ವಾರಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಸ್ಕ್ಯಾನ್ ತಾರೀಖು ಹಿಡಿಯುತ್ತಾರೆ. ಅದಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಮುಟ್ಟಿನ ತಾರೀಖೇ ಉಳಿಯುತ್ತದೆ. ತೀರಾ ಮೊದಲ ವಾರಗಳಲ್ಲಾದರೆ ಐದು ದಿನದ ವ್ಯತ್ಯಾಸವೇ ಸಾಕು.

ಹೆಗಡೆ ಮನೆ ಸೊಸೆ (ಸಿದ್ದಾಪುರ)

ಅತ್ತೆಯವರ ನೂಲ ಹುಣ್ಣಿಮೆ ಲೆಕ್ಕ ಓದಿ ಪಂಚಾಂಗ ತೆಗೆದು ನೋಡಿದೆ. ಕಾರ್ತಿಕ ಹುಣ್ಣಿಮೆಯ ಎದುರಿಗೆ ಮುಟ್ಟು. ಅಲ್ಲಿಂದ ಮಾರ್ಗಶಿರ, ಪುಷ್ಯ ಅಂತ ತಿಂಗಳ ಹೆಸರು ಹಿಡಿದು ಒಂಬತ್ತು ಎಣಿಸಿದರೆ ಶ್ರಾವಣ ಬರುತ್ತದೆ. ಈ ವರ್ಷ ಅಧಿಕ ಜ್ಯೇಷ್ಠ ಇದೆ, ಮೇ 17ರಿಂದ ಜೂನ್ 15ರವರೆಗೆ. ಅಂದರೆ ಹೆಸರಿಗೆ ಒಂಬತ್ತು, ನಿಜಕ್ಕೆ ಹತ್ತು ಚಾಂದ್ರಮಾಸ, 295 ದಿನ. ನೂಲ ಹುಣ್ಣಿಮೆ ಆಗಸ್ಟ್ 28ಕ್ಕೆ. ಸ್ಕ್ಯಾನ್ ತಾರೀಖಿಗೆ ಹತ್ತಿರ ಬಂದಿರುವುದು ಅಧಿಕಮಾಸದ ದೆಸೆಯಿಂದ, ಕಾಕತಾಳೀಯ.

ಅಧಿಕಮಾಸ ಇಲ್ಲದ ವರ್ಷ ಇದೇ ರೀತಿ ಎಣಿಸಿದರೆ 266 ದಿನಕ್ಕೇ ಮುಗಿದುಬಿಡುತ್ತದೆ, ಎರಡು ವಾರ ಮುಂಚೆ. ನಮ್ಮ ಮನೆಯಲ್ಲಿ ಹೀಗೇ ಆಗಿತ್ತು. "ದಿನ ತುಂಬಿ ಹೋಯ್ತು, ಇನ್ನೂ ನೋವು ಬರಲಿಲ್ಲ" ಅಂತ ಎಲ್ಲರೂ ಗಾಬರಿ. ಡಾಕ್ಟರ್ ಪ್ರಕಾರ ಆಗ 38 ವಾರ.

ಹಿರಿಯರು ಹೇಳುವ "ಒಂಬತ್ತು ತಿಂಗಳು ಒಂಬತ್ತು ದಿನ" ಇಂಗ್ಲಿಷ್ ತಿಂಗಳಿನಲ್ಲಿ ಎಣಿಸಿದರೆ ಮಾತ್ರ ಆಸ್ಪತ್ರೆ ಲೆಕ್ಕಕ್ಕೆ ಎರಡೇ ದಿನ ಹೆಚ್ಚು.

ಕಡಲತಡಿ (ಕಾರವಾರ)

ಓದುತ್ತಾ ಓದುತ್ತಾ ಹಗುರ ಆಯಿತು. ಎಲ್ಲರಿಗೂ ಧನ್ಯವಾದ. ಅತ್ತೆಗೂ ಓದಿ ಹೇಳಿದೆ, ಅವರಿಗೆ ಅಧಿಕಮಾಸದ ಮಾತು ತಟ್ಟನೆ ಹಿಡಿಸಿತು. ಸಿಸ್ಟರ್, ಎನ್‌ಟಿ ಸ್ಕ್ಯಾನ್‌ಗೆ (ಮಗುವಿನ ಕತ್ತಿನ ಹಿಂದಿನ ನೀರಿನ ಪದರ ಅಳೆಯೋದು) "11ನೇ ವಾರದ ಮೇಲೆ ಬನ್ನಿ" ಅಂದಿದ್ದಾರೆ. ಅದು ಯಾವ 11?

ನಿವೃತ್ತ ಸಿಸ್ಟರ್ (ಕುಮಟಾ)

ಒಳ್ಳೆಯ ಪ್ರಶ್ನೆ. ಸ್ಕ್ಯಾನ್ ಲೆಕ್ಕದ 11. ಆ ಪರೀಕ್ಷೆ 11 ವಾರದಿಂದ 13 ವಾರ 6 ದಿನದೊಳಗೆ ಆಗಬೇಕು. ನಿನಗೆ ಅದು ಫೆಬ್ರವರಿ 3ರಿಂದ 23. ಆಪ್ ನಂಬಿ ಜನವರಿ 20ಕ್ಕೆ ಹೋಗಿದ್ದರೆ ಮಗು ಇನ್ನೂ ಸಣ್ಣದು ಅಂತ ವಾಪಸ್ ಕಳಿಸುತ್ತಿದ್ದರು. 18ರಿಂದ 20 ವಾರದ ದೊಡ್ಡ ಸ್ಕ್ಯಾನ್ ಮಾರ್ಚ್ 24ರಿಂದ ಏಪ್ರಿಲ್ 7ರ ಸುಮಾರಿಗೆ ಬರುತ್ತದೆ. ಈಗಲೇ ಕೇಳಿ ದಿನ ಗೊತ್ತು ಮಾಡಿಕೋ. ಆಪ್‌ನಲ್ಲೂ ಹೆರಿಗೆ ದಿನವನ್ನು ಆಗಸ್ಟ್ 25ಕ್ಕೆ ಬದಲಿಸು, ಇಲ್ಲವಾದರೆ ಅದು ದಿನಾ ತಪ್ಪು ವಾರ ತೋರಿಸಿ ನಿನ್ನನ್ನು ಹೆದರಿಸುತ್ತದೆ.

ತಾಯಿ ಕಾರ್ಡ್ ಮಾಡಿಸುವಾಗ ಮೊದಲ ಸ್ಕ್ಯಾನ್ ರಿಪೋರ್ಟ್ ತೋರಿಸು. ಕಾರ್ಡಿನಲ್ಲಿ ಒಂದು ತಾರೀಖು, ಫೈಲಿನಲ್ಲಿ ಇನ್ನೊಂದು ಇರೋದು ಬೇಡ.

ಮಾವಿನಮಿಡಿ (ಶಿರಸಿ)

ನನ್ನ ಕತೆಯನ್ನೂ ಹೇಳಬೇಕು, ಯಾರಿಗಾದರೂ ಉಪಯೋಗ ಆಗಬಹುದು. ನನಗೆ ಪಿಸಿಒಡಿ, ಅಂದರೆ ಮುಟ್ಟು ಏರುಪೇರು ಮಾಡುವ ಅಂಡಾಶಯದ ತೊಂದರೆ. ಮುಟ್ಟು ಎರಡು ತಿಂಗಳಿಗೊಮ್ಮೆ ಆದರೂ ಆಯಿತು. ಮುಟ್ಟಿನ ಲೆಕ್ಕದಲ್ಲಿ 8 ವಾರ ಅಂತ ಸ್ಕ್ಯಾನ್‌ಗೆ ಹೋದೆ. ಗರ್ಭದ ಚೀಲ ಮಾತ್ರ ಕಂಡಿತು. ಮಗು ಇಲ್ಲ, ಬಡಿತ ಇಲ್ಲ. "8 ವಾರಕ್ಕೆ ಬಡಿತ ಬೇಕಿತ್ತು, ಬೆಳವಣಿಗೆ ಇಲ್ಲ, ತೆಗೆಸೋದು ಒಳ್ಳೆಯದು" ಅಂದುಬಿಟ್ಟರು. ಎಲ್ಲಿ, ಯಾರು ಅನ್ನೋದು ಬೇಡ. ಮಾರಿಗುಡಿ ಎದುರು ಆಟೋದಲ್ಲಿ ಕೂತು ಅತ್ತಿದ್ದು ಈಗಲೂ ನೆನಪಿದೆ.

ನಮ್ಮ ತಾಯಿ ಬಿಡಲಿಲ್ಲ. ಇನ್ನೊಬ್ಬ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ಅವರು ಮೊದಲು ಕೇಳಿದ್ದೇ ಮುಟ್ಟಿನ ಅಂತರ. ರಿಪೋರ್ಟ್ ನೋಡಿ, "ಚೀಲದ ಅಳತೆ ಐದು ವಾರದ್ದು. ನಿಮಗೆ ತಡವಾಗಿ ನಿಂತಿದ್ದರೆ ಇದು ಸಹಜವೇ ಇರಬಹುದು. ಎರಡು ವಾರ ಬಿಟ್ಟು ಬನ್ನಿ, ಈಗ ಏನೂ ಮಾಡೋದು ಬೇಡ" ಅಂದರು. ಎರಡು ವಾರ ಬಿಟ್ಟು ಹೋದಾಗ ಪರದೆಯ ಮೇಲೆ ಅಕ್ಕಿಕಾಳಿನಷ್ಟು ಮಗು, ಮಧ್ಯದಲ್ಲಿ ಪಟಪಟ ಮಿನುಗುವ ಚುಕ್ಕಿ. ಮಗಳಿಗೆ ಈಗ ಮೂರು ವರ್ಷ.

ಮುಟ್ಟು ಏರುಪೇರು ಇರುವವರು ಒಂದೇ ಸ್ಕ್ಯಾನ್ ನೋಡಿ ಯಾವುದಕ್ಕೂ ಒಪ್ಪಬೇಡಿ. ದಯವಿಟ್ಟು.

ಫಿಲ್ಮ್ ರೂಮ್ (ಕಾರವಾರ)

ಇದನ್ನು ನಾನೂ ಒತ್ತಿ ಹೇಳುತ್ತೇನೆ. ಒಳಗಿನಿಂದ ಮಾಡುವ ಸ್ಕ್ಯಾನ್‌ನಲ್ಲಿ ಚೀಲ ಕಾಣೋದು ಐದನೇ ವಾರದ ಸುಮಾರಿಗೆ. ಬಡಿತ ಆರನೇ ವಾರದ ಹೊತ್ತಿಗೆ. ಹೊಟ್ಟೆ ಮೇಲಿಂದ ನೋಡಿದರೆ ಇನ್ನೂ ಕೆಲವು ದಿನ ತಡ. ಗರ್ಭದ ಬೆಳವಣಿಗೆ ನಿಂತುಹೋಗಿದೆ ಅಂತ ಖಚಿತವಾಗಿ ಹೇಳಲು ಅಳತೆಯ ಮಿತಿ ಇದೆ: ಮಗು 7 ಮಿ.ಮೀ. ಅಥವಾ ಜಾಸ್ತಿ ಇದ್ದೂ ಬಡಿತ ಇಲ್ಲದಿರಬೇಕು, ಇಲ್ಲವೇ ಚೀಲ 25 ಮಿ.ಮೀ. ದಾಟಿಯೂ ಮಗು ಕಾಣದಿರಬೇಕು. ಅದೂ ಒಳಗಿನ ಸ್ಕ್ಯಾನ್‌ನಲ್ಲಿ. ಅದಕ್ಕಿಂತ ಕಡಿಮೆ ಇದ್ದರೆ ಒಂದೆರಡು ವಾರ ಬಿಟ್ಟು ಮತ್ತೆ ನೋಡಬೇಕು. ಆ ನಡುವೆ ಜಾಸ್ತಿ ರಕ್ತ ಹೋದರೆ, ಒಂದು ಪಕ್ಕ ಜೋರು ನೋವು ಬಂದರೆ, ತಲೆ ತಿರುಗಿದರೆ ಮಾತ್ರ ಕಾಯಬೇಡಿ, ಕೂಡಲೇ ಹೋಗಿ.

ಎರಡನೇದು (ಭಟ್ಕಳ)

ನನ್ನದು ಬೇರೆ ಸಮಸ್ಯೆ. ಮೊದಲ ಮಗುವಿಗೆ 10 ತಿಂಗಳು, ಹಾಲು ಕುಡಿಯುತ್ತಿದೆ. ಹೆರಿಗೆ ಆದ ಮೇಲೆ ಮುಟ್ಟೇ ಆಗಿಲ್ಲ. ವಾಕರಿಕೆ ಅಂತ ಕಿಟ್ ತಂದು ನೋಡಿದರೆ ಎರಡು ಗೆರೆ. ಮುಟ್ಟೇ ಇಲ್ಲದಿದ್ದರೆ ಎಲ್ಲಿಂದ ಎಣಿಸೋದು? ಕಿಟ್‌ನ ಗೆರೆ ತುಂಬಾ ದಪ್ಪ ಬಂದಿದೆ. ಜಾಸ್ತಿ ತಿಂಗಳು ಆಗಿದೆ ಅಂತ ಅರ್ಥವಾ?

ನಿವೃತ್ತ ಸಿಸ್ಟರ್ (ಕುಮಟಾ)

ಗೆರೆ ದಪ್ಪ ನೋಡಿ ತಿಂಗಳು ಹೇಳೋಕೆ ಬರೋದಿಲ್ಲ. ಬಸಿರು ಹೌದೋ ಅಲ್ಲವೋ ಅಷ್ಟನ್ನೇ ಅದು ಹೇಳುತ್ತದೆ.

ಹಾಲು ಕುಡಿಸುವಾಗ ಮುಟ್ಟು ಬರುವ ಮೊದಲೇ ಅಂಡ ಬಿಡುಗಡೆ ಆಗಿಬಿಡಬಹುದು. ಆಗ ಲೆಕ್ಕ ಇಡಲು ತಾರೀಖೇ ಇರುವುದಿಲ್ಲ. ನಿನಗೆ ಸ್ಕ್ಯಾನ್ ಒಂದೇ ದಾರಿ. ಇವತ್ತು ನಾಳೆ ಅನ್ನದೆ ಹೋಗು, ಯಾಕೆಂದರೆ ಬೇಗ ಮಾಡಿಸಿದಷ್ಟೂ ತಾರೀಖು ಖಚಿತ. ಹೋದಾಗ ಡಾಕ್ಟರ್ ಹೊಟ್ಟೆ ಮುಟ್ಟಿಯೂ ನೋಡುತ್ತಾರೆ.

ನಾವು ಸಬ್ ಸೆಂಟರ್‌ನಲ್ಲಿ ಇದ್ದಾಗ ಸ್ಕ್ಯಾನ್ ಎಲ್ಲಿತ್ತು? ಕೈಯೇ ಆಧಾರ. ಮೊದಲು ಮೂತ್ರ ಮಾಡಿ ಬರಲು ಹೇಳುತ್ತಿದ್ದೆವು. ತುಂಬಿದ ಮೂತ್ರಚೀಲ ಗರ್ಭಕೋಶವನ್ನು ಮೇಲೆ ತಳ್ಳಿ ಸುಳ್ಳು ಅಳತೆ ಕೊಡುತ್ತದೆ. ಬೆನ್ನ ಮೇಲೆ ಮಲಗಿಸಿ, ಮೊಣಕಾಲು ಸ್ವಲ್ಪ ಮಡಚಿಸಿ, ಎಡಗೈಯ ಅಂಚನ್ನು ಎದೆಗೂಡಿನ ಕೆಳಗಿಂದ ಮೆಲ್ಲಗೆ ಒತ್ತುತ್ತಾ ಇಳಿಸಬೇಕು. ಮೆತ್ತಗಿನ ಹೊಟ್ಟೆ ಮುಗಿದು ಗಟ್ಟಿ ಅಂಚು ಕೈಗೆ ತಾಗುತ್ತದೆ. ಅದೇ ಗರ್ಭಕೋಶದ ತಲೆ. ಅದು ಕಿಬ್ಬೊಟ್ಟೆಯ ಮೂಳೆಗೆ ತಾಗಿ ಸಿಕ್ಕರೆ 12 ವಾರದ ಹತ್ತಿರ. ಹೊಕ್ಕುಳ ಮಟ್ಟಕ್ಕೆ ಬಂದರೆ 20ರಿಂದ 24 ವಾರ. ಎದೆಗೂಡಿನ ಕೆಳಗೆ ಬಂದರೆ 36. ಕೊನೆಯ ವಾರಗಳಲ್ಲಿ ಮಗುವಿನ ತಲೆ ಕೆಳಗೆ ಇಳಿದು ಹೊಟ್ಟೆಯೂ ಇಳಿಯುತ್ತದೆ, ಆಗ ಕಡಿಮೆ ವಾರದಂತೆ ಕಾಣುತ್ತದೆ. 24 ವಾರದ ಮೇಲೆ ಟೇಪ್ ಹಿಡಿದರೆ ಮೂಳೆಯಿಂದ ಆ ಅಂಚಿಗೆ ಎಷ್ಟು ಸೆಂ.ಮೀ. ಇದೆಯೋ ಹೆಚ್ಚುಕಡಿಮೆ ಅಷ್ಟೇ ವಾರ, ಎರಡು ಆಚೀಚೆ. ಅವಳಿ ಇದ್ದರೆ, ನೀರು ಜಾಸ್ತಿ ಇದ್ದರೆ, ಗಡ್ಡೆ ಇದ್ದರೆ ಈ ಲೆಕ್ಕ ಕೆಡುತ್ತದೆ.

ಮುಟ್ಟಿನ ತಾರೀಖು ಕೇಳಿದರೆ ಯಾರೂ ಹೇಳುತ್ತಿರಲಿಲ್ಲ. ಹಬ್ಬ ಹಿಡಿದು ಕೇಳಬೇಕಿತ್ತು. "ಬಂಡಿಹಬ್ಬಕ್ಕೆ ಹೋಗಿದ್ಯಾ? ದೇವರ ಹತ್ತಿರ ಹೋದ್ಯಾ, ದೂರ ನಿಂತ್ಯಾ?" ಅಂದರೆ ತಕ್ಷಣ ನೆನಪಾಗೋದು. "ದೂರ ನಿಂತಿದ್ದೆ, ಎರಡನೇ ದಿನ" ಅಂದರೆ ಕ್ಯಾಲೆಂಡರ್ ತೆಗೆದು ಬರೆದುಕೊಳ್ಳುತ್ತಿದ್ದೆವು. ಮಗು ಮೊದಲು ಅಲುಗಿದ್ದು ಯಾವಾಗ ಅಂತಲೂ ಕೇಳುತ್ತಿದ್ದೆವು. ಚೊಚ್ಚಲಿಗೆ 18ರಿಂದ 20 ವಾರ, ಎರಡನೆಯದಕ್ಕೆ 16ರಿಂದ 18. ಅದು ಅಂದಾಜಿಗೆ ಮಾತ್ರ, ಈಗ ಅದನ್ನೇ ನೆಚ್ಚಿಕೊಂಡು ಕೂರಬೇಕಾಗಿಲ್ಲ.

ಬೋಟಿನವ (ಹೊನ್ನಾವರ)

ಇಲ್ಲಿ ಗಂಡಸರು ಕೇಳಬಹುದಾ? ನಾನು ಆಳಸಮುದ್ರದ ಬೋಟಿಗೆ ಹೋಗುವವನು. ಹೋದರೆ ಹಲವು ದಿನ ದಡಕ್ಕೆ ಬರೋದಿಲ್ಲ. ಹೆಂಡತಿಗೆ 8ನೇ ವಾರದ ಸ್ಕ್ಯಾನ್‌ನಲ್ಲಿ ಮಾರ್ಚ್ 20 ಅಂತ ಕೊಟ್ಟಿದ್ದರು. ನಿನ್ನೆ, ಜನವರಿ 12ಕ್ಕೆ, ಇನ್ನೊಂದು ಸ್ಕ್ಯಾನ್. ಅದರಲ್ಲಿ 28 ವಾರ 2 ದಿನ, ಏಪ್ರಿಲ್ 4 ಅಂತ ಬಂದಿದೆ. ನಾವು 30 ದಾಟಿದೆ ಅಂದುಕೊಂಡಿದ್ದೆವು. ಜೂನ್ 1ಕ್ಕೆ ಮೀನುಗಾರಿಕೆ ಬಂದ್ ಆಗುವವರೆಗೆ ನನಗೆ ರಜೆ ಅನ್ನೋದೇ ಇಲ್ಲ. ಯಾವ ತಾರೀಖಿಗೆ ಮನೆಯಲ್ಲಿ ಇರಬೇಕು?

ಫಿಲ್ಮ್ ರೂಮ್ (ಕಾರವಾರ)

ಖಂಡಿತ ಕೇಳಬಹುದು. ಹೆರಿಗೆ ದಿನ ಮಾರ್ಚ್ 20. ಅದು ಬದಲಾಗಲಿಲ್ಲ. ನಿನ್ನೆಗೆ ನಿಮ್ಮ ಹೆಂಡತಿಗೆ 30 ವಾರ 3 ದಿನ.

ಈಗಿನ ಸ್ಕ್ಯಾನ್‌ನಲ್ಲಿ ತಲೆ, ಹೊಟ್ಟೆ, ತೊಡೆಮೂಳೆ ಅಳೆದು "ಈ ಗಾತ್ರ ಸರಾಸರಿ 28 ವಾರದ ಮಗುವಿನದು" ಅಂತ ಮಷಿನ್ ಬರೆಯುತ್ತದೆ. ಅದರ ಪಕ್ಕದಲ್ಲೇ ಒಂದು ಹೊಸ ಹೆರಿಗೆ ದಿನವನ್ನೂ ತಾನಾಗಿ ಮುದ್ರಿಸುತ್ತದೆ. ಎಲ್ಲರೂ ಎಡವೋದು ಅಲ್ಲೇ. ಮೊದಲ ಸ್ಕ್ಯಾನ್‌ನಲ್ಲಿ ತಾರೀಖು ಗೊತ್ತಾದ ಮೇಲೆ ಮುಂದಿನ ಯಾವ ಸ್ಕ್ಯಾನ್ ನೋಡಿಯೂ ಅದನ್ನು ಬದಲಿಸಬಾರದು. ಬದಲಿಸಿದರೆ ನಿಜವಾಗಿ ಸಣ್ಣ ಇರುವ ಮಗು "ಸರಿಯಾಗಿಯೇ ಇದೆ" ಅಂತ ತಪ್ಪಿಸಿಕೊಂಡುಬಿಡುತ್ತದೆ.

ಹಾಗಾಗಿ ಡಾಕ್ಟರ್ ಹತ್ತಿರ ತಾರೀಖು ಕೇಳಬೇಡಿ. "30 ವಾರಕ್ಕೆ ಮಗುವಿನ ತೂಕ ಸಾಕಾ? ಹೊಟ್ಟೆಯ ಸುತ್ತಳತೆ ಹೇಗಿದೆ? ನೀರು ಸಾಕಷ್ಟು ಇದೆಯಾ? ಡಾಪ್ಲರ್ (ಮಗುವಿಗೆ ರಕ್ತ ಹರಿಯುವುದನ್ನು ನೋಡುವ ಸ್ಕ್ಯಾನ್) ಬೇಕಾ?" ಅಂತ ಕೇಳಿ. ಅಪ್ಪ ಅಮ್ಮ ಸಣ್ಣ ಮೈಯವರಾದರೆ ಮಗುವೂ ಸಣ್ಣ ಇರಬಹುದು, ತೊಂದರೆ ಇಲ್ಲದಿರಬಹುದು. ಆದರೆ ಅದನ್ನು ಡಾಕ್ಟರ್ ನೋಡಿ ಹೇಳಲಿ. ಈ ವಾರವೇ ಹೋಗಿ, ಎರಡೂ ರಿಪೋರ್ಟ್ ಜೊತೆಯಲ್ಲಿ ಇರಲಿ.

ನಿವೃತ್ತ ಸಿಸ್ಟರ್ (ಕುಮಟಾ)

ಮನೆಯಲ್ಲಿ ಇರೋದರ ಬಗ್ಗೆ ಹೇಳ್ತೇನೆ ತಮ್ಮಾ. ಹೇಳಿದ ದಿನಕ್ಕೇ ಹುಟ್ಟುವ ಮಕ್ಕಳು ಇಪ್ಪತ್ತಕ್ಕೆ ಒಂದು. 37 ವಾರ ಆದ ಮೇಲೆ ಯಾವತ್ತು ಬೇಕಾದರೂ ಆಗಬಹುದು. ಫೆಬ್ರವರಿ 27ಕ್ಕೆ ಅವಳಿಗೆ 37. ಅಲ್ಲಿಂದ ಆಚೆ ಉದ್ದದ ಟ್ರಿಪ್ ಬೇಡ. ಆಗದಿದ್ದರೆ ಗಾಡಿ ಇರುವ ಒಬ್ಬರಿಗೆ ಮೊದಲೇ ಹೇಳಿಡು. ಅವಳ ತವರು ಹತ್ತಿರ ಇದ್ದರೆ ಅಲ್ಲೇ ಇರಲಿ.

ಸಮುದ್ರಗಾಳಿ (ಅಂಕೋಲಾ)

ಎಂಟನೇ ವಾರಕ್ಕೂ ಈಗಕ್ಕೂ ಮಗು ಸಣ್ಣ ಬಂದರೆ ಹೆಣ್ಣು ಅಂತಾರಲ್ಲ, ನಿಜವಾ?

ವೇದಿಕೆ ನಿರ್ವಾಹಕಿ

ನಿಜ ಅಲ್ಲ. ಹೆಣ್ಣೋ ಗಂಡೋ ಎಂಬ ಊಹೆಗೆ ಈ ವೇದಿಕೆಯಲ್ಲಿ ಜಾಗ ಇಲ್ಲ. 1994ರ ಕಾಯ್ದೆಯ ಪ್ರಕಾರ ಸ್ಕ್ಯಾನ್‌ನಲ್ಲಿ ಅದನ್ನು ಹೇಳುವುದೂ ಕೇಳುವುದೂ ಅಪರಾಧ. ಚರ್ಚೆ ಮುಂದುವರಿಸಿ.

ಆಸೆ (ಯಲ್ಲಾಪುರ)

ನಮ್ಮದು ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ). ಐದು ದಿನದ ಭ್ರೂಣ ಹಾಕಿದ್ದಾರೆ. ನಮಗೂ ಮುಟ್ಟಿನ ಲೆಕ್ಕವಾ?

ಫಿಲ್ಮ್ ರೂಮ್ (ಕಾರವಾರ)

ಬೇಡ. ನಿಮಗೆ ಗರ್ಭದ ದಿನವೇ ಗೊತ್ತಿದೆ. ಭ್ರೂಣ ಹಾಕಿದ ದಿನಕ್ಕೆ 261 ದಿನ ಕೂಡಿಸಿ. ಸ್ಕ್ಯಾನ್‌ನಲ್ಲಿ ಸ್ವಲ್ಪ ಆಚೀಚೆ ಬಂದರೂ ಈ ತಾರೀಖು ಬದಲಾಗದು. ಶುಭವಾಗಲಿ.

ಕಾಡಂಚು (ಜೋಯಿಡಾ), 14 ಜನವರಿ

ನನ್ನ ತಂಗಿಗಾಗಿ ಕೇಳುತ್ತಿದ್ದೇನೆ. ನಮ್ಮದು ಒಳಗಿನ ಊರು. ಬಸ್ಸು ಬರುವ ರಸ್ತೆಗೆ ನಡೆದೇ ಹೋಗಬೇಕು. ಅವಳಿಗೆ ಮುಟ್ಟಿನ ತಾರೀಖು ಸರಿಯಾಗಿ ಗೊತ್ತಿರಲಿಲ್ಲ. ಅಂದಾಜಿನ ಮೇಲೆ ತಾಯಿ ಕಾರ್ಡಿನಲ್ಲಿ ಫೆಬ್ರವರಿ 6 ಬರೆದಿದ್ದಾರೆ. ಮೊದಲ ಸ್ಕ್ಯಾನ್ ಆಗಿದ್ದೇ 20ನೇ ವಾರಕ್ಕೆ, ಅದರಲ್ಲಿ ಫೆಬ್ರವರಿ 22. ಆಸ್ಪತ್ರೆಗೆ ಯಾವಾಗ ಕರೆದುಕೊಂಡು ಹೋಗೋದು? ಬೇಗ ಹೋದರೆ ವಾಪಸ್ ಕಳಿಸುತ್ತಾರೆ, ತಡ ಮಾಡಿದರೆ ದಾರಿಯಲ್ಲೇ ಆಗಬಹುದು ಅಂತ ಭಯ.

ನಿವೃತ್ತ ಸಿಸ್ಟರ್ (ಕುಮಟಾ)

ಐದನೇ ತಿಂಗಳ ಸ್ಕ್ಯಾನ್ ಹತ್ತು ದಿನ ಆಚೀಚೆ ಆಗಬಹುದು. ಇಲ್ಲಿ ಹದಿನಾರು ದಿನದ ವ್ಯತ್ಯಾಸ ಇದೆ. ಕಾರ್ಡಿನ ತಾರೀಖು ಅಂದಾಜಿನದು. ಹಾಗಾಗಿ ಸ್ಕ್ಯಾನ್‌ನ ಫೆಬ್ರವರಿ 22 ಹಿಡಿಯಿರಿ. ಇದು ಡಾಕ್ಟರಿಗೆ ಗೊತ್ತಾಗಲೇಬೇಕು. ಇಲ್ಲವಾದರೆ ಕಾರ್ಡ್ ನೋಡಿ "ದಿನ ದಾಟಿತು" ಅಂತ ಬೇಗ ನೋವು ಬರಿಸುವ ಪ್ರಸಂಗ ಬರುತ್ತದೆ. ಮಗುವಿಗೆ 39 ವಾರ ತುಂಬುವುದು ಒಳ್ಳೆಯದು. ಕಾರಣ ಇಲ್ಲದೆ ಅದಕ್ಕಿಂತ ಮೊದಲು ಹೊರತೆಗೆಯೋದು ಬೇಡ. ಇನ್ನೊಂದು ಕಡೆ 41 ವಾರ ದಾಟಲೂ ಬಿಡಬಾರದು. ಸ್ಕ್ಯಾನ್ ಲೆಕ್ಕಕ್ಕೆ 41 ಅಂದರೆ ಮಾರ್ಚ್ 1.

ಆದರೆ ಊರು ಬಿಡುವ ವಿಷಯದಲ್ಲಿ ತಡದ ತಾರೀಖು ನೆಚ್ಚಬೇಡಿ. ಸ್ಕ್ಯಾನ್ ಪ್ರಕಾರ ಫೆಬ್ರವರಿ 1ಕ್ಕೆ 37 ವಾರ. ಸ್ಕ್ಯಾನೂ ಹತ್ತು ದಿನ ತಪ್ಪಿರಬಹುದು ಅಂತ ಇಟ್ಟುಕೊಂಡರೆ ಜನವರಿ 22ರ ಹೊತ್ತಿಗೇ 37 ಆಗಿರಬಹುದು. ಅಷ್ಟರೊಳಗೆ ಪೇಟೆಯಲ್ಲಿ ನೆಂಟರ ಮನೆ ಇದ್ದರೆ ಅಲ್ಲಿಗೆ ಕರೆದುಕೊಂಡು ಬನ್ನಿ. ಆಸ್ಪತ್ರೆಯಲ್ಲಿ ಸೇರಿಸಿಕೊಳ್ಳಿ ಅಂತ ಕೇಳೋದು ಬೇಡ, ಹತ್ತಿರ ಇದ್ದರೆ ಸಾಕು. ಪ್ರತಿ ತಿಂಗಳ 9ಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನು ಡಾಕ್ಟರ್ ಉಚಿತವಾಗಿ ನೋಡುತ್ತಾರೆ. ಫೆಬ್ರವರಿ 9 ನಿಮಗೆ ಸರಿಯಾಗಿ ಸಿಗುತ್ತದೆ, ಅವತ್ತು ಹೋಗಿ. ಅದಕ್ಕೂ ಮೊದಲೇ ಆಶಾ ಕಾರ್ಯಕರ್ತೆಗೆ ಹೇಳಿ ಕಾರ್ಡಿನ ತಾರೀಖು ತಿದ್ದಿಸಿ.

ಕಾಡಂಚು (ಜೋಯಿಡಾ)

ದಾಂಡೇಲಿಯಲ್ಲಿ ಚಿಕ್ಕಮ್ಮನ ಮನೆ ಇದೆ. ಮುಂದಿನ ವಾರ ಅಲ್ಲಿಗೆ ಹೊರಡಿಸುತ್ತೇವೆ. ಆಶಾ ಅಕ್ಕನಿಗೆ ಈಗಲೇ ಫೋನ್ ಮಾಡಿದೆ, ನಾಳೆ ಬರುತ್ತೇನೆ ಅಂದರು. ಕಾರ್ಡು, ಸ್ಕ್ಯಾನ್ ಪೇಪರು ಎರಡನ್ನೂ ಒಂದೇ ಚೀಲಕ್ಕೆ ಹಾಕಿಡಲು ಹೇಳಿದ್ದೇನೆ.

ನಿವೃತ್ತ ಸಿಸ್ಟರ್ (ಕುಮಟಾ)

ಸರಿ ಮಾಡಿದೆ. ರಕ್ತ ಹೋದರೆ, ನೀರು ಒಡೆದರೆ, ಮಗುವಿನ ಅಲುಗಾಟ ಕಡಿಮೆ ಅನ್ನಿಸಿದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ ತಾರೀಖು ನೋಡುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಊರಲ್ಲಿ ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಅಂತ ಮನೆಯ ಎಲ್ಲರಿಗೂ ಗೊತ್ತಿರಲಿ.